ಬಾಯಾರುವ ಮೊದಲು

ಮಾರ್ಚ್ 3, ಸೋಮವಾರ

ಇವತ್ತು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮತ್ತೆ ಬೈಸಿಕೊಂಡೆವು. ಡಯಾಲಿಸಿಸ್‌ಗೆ ಮಲಗಿಸುವ ಮೊದಲು ಇವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಸಾಬ್ರೀನ್, "ಮಿಸ್, ಶುಕ್ರವಾರದಿಂದ ಇವತ್ತಿಗೆ ನಾಲ್ಕು ಕೆಜಿ ಏರಿದ್ದಾರೆ. ಅಷ್ಟೂ ನೀರೇ," ಎಂದಳು. ಅವಳು ಗೌರಿಬಿದನೂರಿನ ನಮ್ಮ ಶಾಲೆಯಲ್ಲಿ ನನ್ನ ಖೋಖೋ ತಂಡದಲ್ಲಿದ್ದವಳು. ಈಗ ಅಲ್ಲಿ ಯಂತ್ರ ನಡೆಸುತ್ತಾಳೆ. ಹಿಂದೆ ನಾನು ಅವಳನ್ನು ಬೈಯುತ್ತಿದ್ದೆ, ಈಗ ಅವಳು ನನ್ನನ್ನು.

ತಪ್ಪು ನನ್ನದಲ್ಲ. ಬೆಳಿಗ್ಗೆ ಎದ್ದ ಕೂಡಲೇ ಇವರ ದಿನದ ನೀರನ್ನು ಅಳೆದು ನೀಲಿ ಬಾಟಲಿಗೆ ತುಂಬಿಡುವವಳು ನಾನು. ಕಾಫಿ ಕುಡಿದರೆ ಅಷ್ಟು ನೀರನ್ನು ಅದರಿಂದ ಚೆಲ್ಲುತ್ತೇನೆ. ಸಾರಿಗೂ ಲೆಕ್ಕ, ಮಾತ್ರೆ ನುಂಗುವ ಗುಟುಕಿಗೂ ಲೆಕ್ಕ. ಅಡುಗೆಗೆ ಉಪ್ಪೂ ಚಿಟಿಕೆಯಷ್ಟೇ. ಹಾಗಿದ್ದರೂ ನಾಲ್ಕು ಕೆಜಿ! ನಾನು ಶಾಲೆಗೆ ಹೋದ ಮೇಲೆ ಅತ್ತೆ ಏನಾದರೂ ಕೊಡುತ್ತಿರಬೇಕು. ಕೇಳಿದರೆ, "ನಾನ್ಯಾಕಮ್ಮ ಕೊಡ್ಲಿ? ನನ್ ಮಗನ್ನ ನಾನೇ ಸಾಯಿಸ್ತೀನಾ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ನನ್ನ ಕಿಡ್ನಿ ಇವರಿಗೆ ಹೊಂದಲಿಲ್ಲ. ಅತ್ತೆಗೆ ವಯಸ್ಸಾಗಿದೆ. ಬೇರೆಯವರಿಂದ ಸಿಗುವವರೆಗೂ ಸೋಮವಾರ, ಬುಧವಾರ, ಶುಕ್ರವಾರ ಹೀಗೇ. ಮಂಚೇನಹಳ್ಳಿ ದಾಟಿ ಹೋಗುವುದು, ಮಂಚೇನಹಳ್ಳಿ ದಾಟಿ ಬರುವುದು.

ಬರುವಾಗ ಬಸ್ಸಿನಲ್ಲಿ ಇವರೆಂದರು, "ವಿದ್ಯಾ, ಜೂನ್ ಕೊನೆಗೆ ನಂದಿ ತಪ್ಪಲಲ್ಲಿ ಓಟ ಇದೆಯಂತೆ. ಇಪ್ಪತ್ತೊಂದು ಕಿಲೋಮೀಟ್ರು. ನಿನ್ ಹೆಸರು ಕೊಟ್ಬಿಟ್ಟಿದ್ದೀನಿ."

"ನಿಮ್ಮನ್ನ ಬಿಟ್ಟು ನಾನೊಬ್ಳೇ ಓಡ್ಲಾ?"

"ಒಬ್ಳೇ ಯಾಕೆ? ನಾನು ಸ್ಕೂಟರ್‌ನಲ್ಲಿ ಹಿಂದೇನೇ ಬರ್ತೀನಿ. ನಿಂಗೆ ಕುಡಿಯೋಕೆ ಕೊಡೋರು ಯಾರಾದ್ರೂ ಬೇಕಲ್ಲ."

ಮದುವೆಗೆ ಮೊದಲು, ಮದುವೆಯಾದ ಮೇಲೆ, ಹದಿನಾಲ್ಕು ವರ್ಷ ನಾವು ಜೊತೆಯಲ್ಲೇ ಓಡಿದವರು. ಬೇಡ ಎನ್ನಲಾಗಲಿಲ್ಲ.

ಮಾರ್ಚ್ 9, ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ತೊಂಡೇಬಾವಿ ರಸ್ತೆ ಹಿಡಿದೆ. ಅರ್ಧ ದಾರಿಗೆ ಹೋಗಿ ವಾಪಸ್. ಇವರು ಹಿಂದೆ ಸ್ಕೂಟರ್‌ನಲ್ಲಿ. ಮುಂದಿನ ಬುಟ್ಟಿಯಲ್ಲಿ ಎರಡು ಬಾಟಲಿ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಮೇಷ್ಟ್ರಲ್ಲವೇ, ನಿಂಬೆಹಣ್ಣು, ಬೆಲ್ಲ, ಉಪ್ಪು ಬೆರೆಸುವುದೂ ಪ್ರಯೋಗಶಾಲೆಯ ಶಿಸ್ತಿನಲ್ಲೇ. ಈಗ ರಜೆಯ ಮೇಲಿರುವುದರಿಂದ ಆ ಶಿಸ್ತೆಲ್ಲ ನನ್ನ ಬಾಟಲಿಗಳ ಮೇಲೆ.

"ಸಾಕಾ ಬೇಕಾ ಅಂತ ಬಾಯಿ ಕೇಳೋತನಕ ಕಾಯಬಾರ್ದು ಕಣೇ. ಬಾಯಾರೋಕ್ ಮುಂಚೇನೇ ಕುಡೀಬೇಕು. ಗಟಗಟ ಅಂತ ಬೇಡ. ಗುಟುಕು ಗುಟುಕು."

ಓಡುತ್ತಲೇ ಕುಡಿದೆ. ಚೆನ್ನಾಗಿತ್ತು. ಪಕ್ಕದಲ್ಲೇ ಬರುತ್ತಿದ್ದರು. ತಿರುಗಿ ನೋಡಿದರೆ ಅವರ ಗಂಟಲೂ ನನ್ನದರ ಜೊತೆಗೇ ಏರಿ ಇಳಿಯುತ್ತಿತ್ತು. ಬಾಯಲ್ಲಿ ಏನೂ ಇಲ್ಲದೆ ನುಂಗುತ್ತಿದ್ದರು.

ಉಳಿದ ದಾರಿ ಚೆನ್ನಾಗಿ ಓಡಲಾಗಲಿಲ್ಲ.

ಮಾರ್ಚ್ 19, ಬುಧವಾರ

ಬಿಸಿಲು ಏರುತ್ತಿದೆ. ಮನೆಯಲ್ಲಿ ಇವರ ಕಣ್ಣಿಗೆ ಬೀಳದಂತೆ ನೀರಿನ ಕೊಡ ಎಲ್ಲಿಡುವುದೆಂಬುದೇ ಸಮಸ್ಯೆ. ಫ್ರಿಜ್ಜಿನಿಂದ ಬಾಟಲಿಗಳನ್ನೆಲ್ಲ ತೆಗೆದಿದ್ದೇನೆ. ಐಸ್ ತುಂಡುಗಳು ಮಾತ್ರ ಇವೆ. ಬಾಯಾರಿಕೆ ತಡೆಯದಾದಾಗ ಇವರು ಒಂದನ್ನು ಬಾಯಲ್ಲಿಟ್ಟುಕೊಂಡು ಕರಗುವವರೆಗೂ ಮಾತಾಡದೆ ಕೂರುತ್ತಾರೆ. ಮಕ್ಕಳು ಪೆಪ್ಪರ್‌ಮೆಂಟ್ ಚೀಪಿದ ಹಾಗೆ.

ನಾನು ನೀರು ಕುಡಿಯುವುದು ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ನಿಂತು. ಅತ್ತೆ ಹಿತ್ತಲಲ್ಲಿ ಕುಡಿಯುತ್ತಾರೆ. ಊಟಕ್ಕೆ ಕೂತಾಗ ಯಾರ ಮುಂದೆಯೂ ಲೋಟವಿರುವುದಿಲ್ಲ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ. ಒಬ್ಬಟ್ಟು. ಒಬ್ಬಟ್ಟಿನ ಸಾರು ಮಾಡಲಿಲ್ಲ. ಅತ್ತೆಗೆ ಅದೊಂದು ದುಃಖ. "ಹಬ್ಬದ್ ದಿನಾನೂ ಒಣಗಿದ್ ಊಟ ನನ್ ಮಗೂಗೆ."

ಬೆಳಗಿನ ಓಟದ ನಂತರ ತಲೆನೋವು. ತುಟಿ ಒಡೆದಿದೆ. ಈ ವರ್ಷದ ಗಾಳಿಯೇ ಸರಿಯಿಲ್ಲ.

ಏಪ್ರಿಲ್ 2, ಬುಧವಾರ

ಇವರಿಗೆ ಏನಾಗಿದೆಯೋ. ಒಂದು ದಿನ ನಿಂಬೆ ಬೆಲ್ಲ, ಮರುದಿನ ರಾಗಿ ಅಂಬಲಿ ತೆಳ್ಳಗೆ ಮಾಡಿ ಜೀರಿಗೆ ಹಾಕಿ, ಅದರ ಮರುದಿನ ಕಲ್ಲಂಗಡಿ ರಸ. ಇವತ್ತು ಎಳನೀರಿಗೆ ಉಪ್ಪು ಸೇರಿಸಿ ತಂದಿದ್ದರು. "ಇದು ಹಿಡಿಸ್ತಾ? ಇದಾದ್ರೂ ಹಿಡಿಸ್ತಾ?" ಎಂದು ಕೇಳುತ್ತಲೇ ಇದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಇವರ ಪಾಲಿಗೆ ವಿಷಕ್ಕೆ ಸಮ. ಅದನ್ನು ಕೈಯಲ್ಲಿ ಹಿಡಿದು ನಿಂತವರನ್ನು ನೋಡಿ ನನಗೆ ಸಿಟ್ಟು ಬಂತು. ತುಟಿಗೆ ಮುಟ್ಟಿಸಿ ವಾಪಸ್ ಕೊಟ್ಟೆ.

"ಯಾವುದೋ ಒಂದು ಕೊಡ್ರೀ, ಇಷ್ಟೊಂದು ತಲೆ ಕೆಡಿಸ್ಕೋಬೇಡಿ," ಎಂದೆ.

ಶಾಲೆಯಲ್ಲೂ ಮಕ್ಕಳ ಮೇಲೆ ರೇಗುತ್ತಿದ್ದೇನೆ. ಏಕೆಂದು ತಿಳಿಯದು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿದೆ. ಬೂಟು ಬದಲಿಸಬೇಕು.

ಏಪ್ರಿಲ್ 6, ಭಾನುವಾರ, ರಾಮನವಮಿ

ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಬೀದಿಯ ಚಪ್ಪರದಲ್ಲಿ ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ಇವರು ಪ್ರತಿವರ್ಷದ ಹಾಗೆ ಪಾನಕದ ಕೊಳದಪ್ಪಲೆಯ ಹಿಂದೆ ನಿಂತರು. ಬೇಡವೆಂದರೂ ಕೇಳಲಿಲ್ಲ. "ಕುಡಿಯೋದು ಬೇಡ ಅಂದಿದ್ದಾರೆ, ಕೊಡೋದು ಬೇಡ ಅಂದಿಲ್ಲ." ಬಿಸಿಲಿಗೆ ಜನ ಬರುತ್ತಲೇ ಇದ್ದರು. ನಗುನಗುತ್ತಾ ಲೋಟ ಲೋಟ ಕೊಟ್ಟರು. ನಾನು ಎದುರು ಮನೆಯ ನೆರಳಲ್ಲಿ ನಿಂತು ಕಾಯುತ್ತಿದ್ದೆ. ಹೌದು, ಕಾಯುತ್ತಿದ್ದೆ, ಕಳ್ಳನನ್ನು ಕಾದ ಹಾಗೆ. ಭಾನುವಾರ ಎಲ್ಲಕ್ಕಿಂತ ಕೆಟ್ಟ ದಿನ. ಶುಕ್ರವಾರದ ಡಯಾಲಿಸಿಸ್ ಮುಗಿದು ಸೋಮವಾರ ಇನ್ನೂ ಬಂದಿರುವುದಿಲ್ಲ. ಒಂದು ಕ್ಷಣ ಇವರು ಬಗ್ಗಿದರು. ಎದ್ದಾಗ ಕೈಯಿಂದ ಮೀಸೆ ಒರೆಸಿಕೊಂಡರು.

ಮನೆಗೆ ಬಂದ ಮೇಲೆ ಕೇಳಿದೆ, "ಕುಡಿದ್ರಾ?"

"ಇಲ್ಲ."

"ಮೀಸೆ ಒರೆಸ್ಕೊಂಡ್ರಲ್ಲ?"

"ಬೆವರು ಕಣೇ."

ನಾನು ನಂಬಲಿಲ್ಲ. ಇವರು ಎದ್ದು ಬಂದು, ಹತ್ತಿರ ನಿಂತು, ಬಾಯಿ ತೆರೆದರು. "ಮೂಸಿ ನೋಡು. ಬೆಲ್ಲದ ವಾಸನೆ ಬರುತ್ತಾ ನೋಡು."

ನಾನು ಮೂಸಿ ನೋಡಿದೆ. ನಿಜವಾಗಿಯೂ ಮುಖ ಮುಂದೆ ತಂದು ಮೂಸಿದೆ. ಬೆಲ್ಲವೂ ಇರಲಿಲ್ಲ, ಏಲಕ್ಕಿಯೂ ಇರಲಿಲ್ಲ. ಒಣಗಿದ ನಾಲಿಗೆಯ, ಔಷಧದ ವಾಸನೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಲ್ಲವನ್ನೂ ನೋಡಿದರು. ಹಿತ್ತಲಿಗೆ ಹೋದರು.

ಏಪ್ರಿಲ್ 14, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ತೊಂಡೇಬಾವಿ ಸ್ಟೇಷನ್‌ವರೆಗೂ ಹೋಗಿ ಬರುವುದೆಂದು ಹೊರಟಿದ್ದು. ಹೊರಡುವಾಗಲೇ ತಡವಾಗಿತ್ತು. ಹೋಗುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ ದ್ರಾಕ್ಷಿ ತೋಟದ ಬಳಿ ಬಿಸಿಲಲ್ಲೇ ಮೈ ಜುಮ್ಮೆಂದು ಚಳಿ ಹತ್ತಿತು. ಬೆವರು ನಿಂತಿತು. ರಸ್ತೆಯ ಬಿಳಿ ಗೆರೆ ಎರಡಾಗಿ ಕಂಡಿತು. "ರೀ" ಎಂದು ಕರೆದದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಹುಣಸೆ ಮರದ ಕೆಳಗಿದ್ದೆ. ತಲೆ, ಕತ್ತು, ಎದೆಯೆಲ್ಲ ಒದ್ದೆ. ತೋಟದಲ್ಲಿ ಕೆಲಸ ಮಾಡುತ್ತಿದ್ದ ಆಂಜಿನಮ್ಮ ಎಂಬ ಹೆಂಗಸು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. "ನಿನ್ ಗಂಡಾನೇ ಎತ್ಕೊಂಡ್ ಬಂದಿದ್ದು ಕಣಮ್ಮ. ಎಷ್ಟ್ ಬಡಕಲಾಗವ್ನೆ, ಎಲ್ಲಿತ್ತೋ ಶಕ್ತಿ," ಎಂದಳು. ಎರಡು ಕೈಯಿಂದಲೂ ಎತ್ತಿದ್ದಾರೆ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯಲ್ಲಿ ಭಾರ ಹೊರಬಾರದೆಂದು ಎಷ್ಟು ಸಲ ಹೇಳಿದ್ದಾರೆ ಆಸ್ಪತ್ರೆಯಲ್ಲಿ!

ಗೌರಿಬಿದನೂರಿನ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿದರು. ಡಾಕ್ಟರು ಕೇಳಿದರು, "ನಿನ್ನೆಯಿಂದ ಎಷ್ಟು ನೀರು ಕುಡಿದಿದ್ದೀರಾ?" ಯೋಚಿಸಿದೆ. ಹಿಂದಿನ ದಿನ ಬೆಳಿಗ್ಗೆ ಕಾಫಿ. ಆಮೇಲೆ ಯಾವಾಗ ಕುಡಿದೆನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಡಾಕ್ಟರು ಹೋದ ಮೇಲೆ ಇವರು ಸ್ಟೂಲ್ ಎಳೆದುಕೊಂಡು ಕೂತರು. ಬಾಟಲಿಯಿಂದ ಹನಿ ಹನಿಯಾಗಿ ನನ್ನ ಮೈಗೆ ನೀರು ಇಳಿಯುತ್ತಿತ್ತು. ಅದನ್ನೇ ನೋಡುತ್ತಿದ್ದರು.

"ಪ್ರತಿಸಲ ಬಾಟ್ಲು ವಾಪಸ್ ಕೊಟ್ಟಾಗ ಭಾರ ಗೊತ್ತಾಗಲ್ವಾ ನಂಗೆ? ನಾನೇನೋ ರುಚಿ ಹಿಡಿಸ್ತಿಲ್ಲ ಅನ್ಕೊಂಡೆ. ದಿನಾ ಒಂದೊಂದ್ ಥರ ಮಾಡಿದೆ."

ನಾನು ಗೋಡೆ ಕಡೆ ತಿರುಗಿದೆ.

"ಇಲ್ ನೋಡು ವಿದ್ಯಾ. ನೀನ್ ಕುಡಿಯೋದ್ ನೋಡಿದ್ರೆ ನಂಗೆ ಹೊಟ್ಟೆ ಉರಿಯಲ್ಲ. ಅದೊಂದ್ ಹೊತ್ತಲ್ಲೇ ನಂಗೆ ಬಾಯಾರಿಕೆ ಮರ್ತ್ಹೋಗೋದು. ಅದನ್ನೂ ಕಿತ್ಕೋಬೇಡ."

ಇವತ್ತು ಸಾಬ್ರೀನ್ ಇವರ ಎಡಗೈಯನ್ನು ತುಂಬಾ ಹೊತ್ತು ಮುಟ್ಟಿ ನೋಡಿದಳು. ರಕ್ತ ಓಡುವ ಝೇಂಕಾರ ಇದೆ, ಕೆಟ್ಟಿಲ್ಲ ಎಂದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಲೋಟ ನಿಂಬೆ ಷರಬತ್ತು ಕುಡಿದೆ.

ಏಪ್ರಿಲ್ 20, ಭಾನುವಾರ

ತುಂಬಾ ಒಳ್ಳೆಯ ದಿನ. ಬೇಗ ಹೊರಟೆವು. ಹೇಳಿದಾಗಲೆಲ್ಲ ಕುಡಿದೆ, ಇವರ ಮುಖ ನೋಡುತ್ತಲೇ ಕುಡಿದೆ. "ಇನ್ನೊಂದ್ ಗುಟುಕು. ಹಾಂ. ಸಾಕು, ಓಡು," ಎನ್ನುವರು. ಸ್ಟೇಷನ್ ತಲುಪಿ ಬೆಂಚಿನ ಮೇಲೆ ಕೂತೆವು. ಹಿಂದೂಪುರದ ಕಡೆಯಿಂದ ರೈಲು ಬಂತು. ಹೂವಿನ ಮೂಟೆ ಹೊತ್ತ ಹೆಂಗಸರು ಹತ್ತಿದರು. ಇವರು ಜೇಬಿನಿಂದ ಒಂದು ಚಿಕ್ಕ ಡಬ್ಬಿ ತೆಗೆದರು. ಥರ್ಮಾಕೋಲ್ ಸುತ್ತಿ ಐಸ್ ತುಂಡು ತಂದಿದ್ದರು, ಅರ್ಧ ಕರಗಿತ್ತು.

"ಚೀರ್ಸ್," ಎಂದು ಅದನ್ನು ನನ್ನ ರಾಗಿ ಅಂಬಲಿಯ ಬಾಟಲಿಗೆ ತಾಗಿಸಿ ಬಾಯಿಗಿಟ್ಟುಕೊಂಡರು. ನಕ್ಕು ನಕ್ಕು ಅಂಬಲಿ ನನ್ನ ಮೂಗಿಗೆ ಏರಿತು.

ನಿಧಾನವಾಗಿ ಬಂದೆವು. ನನಗೆ ಎಲ್ಲೂ ನೋವಿರಲಿಲ್ಲ.

ಏಪ್ರಿಲ್ 30, ಬುಧವಾರ

ಎರಡು ದಿನದಿಂದ ಇವರು ಮಲಗಿದರೆ ಉಸಿರು ಕಟ್ಟುತ್ತದೆ. ದಿಂಬಿಗೆ ಒರಗಿ ಕೂತೇ ನಿದ್ದೆ. ಇವತ್ತು ಹೃದಯದ ಸ್ಕ್ಯಾನ್ ಮಾಡಿಸಿದೆವು. ದೊಡ್ಡ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದರು. ಹೃದಯ ದಣಿದಿದೆಯಂತೆ. ಹೊಸ ಕಿಡ್ನಿ ಸಿಕ್ಕರೂ ಅದನ್ನು ಹಾಕಿಸಿಕೊಳ್ಳುವ ಶಕ್ತಿ ಈಗ ಇಲ್ಲವಂತೆ. ನೀರನ್ನು ಇನ್ನೂ ಕಡಿಮೆ ಮಾಡಿ ಎಂದರು.

ಹೊರಗೆ ಬಂದಾಗ ಇವರು ಏನನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು.

ಮೇ 8, ಗುರುವಾರ

ನೀಲಿ ಬಾಟಲಿ ಈಗ ಅರ್ಧವೂ ತುಂಬುವುದಿಲ್ಲ. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇಷ್ಟೇನಾ ವಿದ್ಯಮ್ಮ? ಗುಬ್ಬಿಗೆ ಇಡೋ ನೀರು ಇದಕ್ಕಿಂತ ಜಾಸ್ತಿ ಇರುತ್ತೆ."

"ಡಾಕ್ಟ್ರು ಹೇಳಿದ್ದು ಅತ್ತೆ. ನಾನಲ್ಲ."

"ಡಾಕ್ಟ್ರು ಮನೇಲ್ ಇರಲ್ಲ. ಅಳ್ದು ಕೊಡೋಳು ನೀನು."

ನಾನು ಜೋರಾಗಿ ಮಾತಾಡಿದೆ. ಏನು ಮಾತಾಡಿದೆನೆಂದು ಬರೆಯುವುದಿಲ್ಲ. ಇವರು ಒಳಗಿನಿಂದ, "ಅಮ್ಮಾ, ಅವ್ಳನ್ ಬಿಡು," ಎಂದರು. ಅಷ್ಟು ಹೇಳುವುದಕ್ಕೂ ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು.

ಮೇ 11, ಭಾನುವಾರ

ಬೆಳಿಗ್ಗೆ ಓಡಲು ಹೋಗಲಿಲ್ಲ. ಸಂಜೆ ಇವರೇ ಬಲವಂತ ಮಾಡಿದರು. "ನಾನ್ ಬರಕ್ಕಾಗಲ್ಲ, ನೀನ್ ಹೋಗು. ಬಾಟ್ಲು ತಗೊಂಡ್ ಹೋಗೋದ್ ಮರೀಬೇಡ. ಬೇಗ ಬರ್ಬೇಕು ಅಂತೇನಿಲ್ಲ."

ಹೋದೆ. ಮೋಡವಾಗಿತ್ತು. ಬಂದಾಗ ಇವರು ಎದ್ದು ಕೂತಿದ್ದರು, ಮುಖ ಗೆಲುವಾಗಿತ್ತು. ಇಂಥ ಕಳೆ ನೋಡಿ ಎಷ್ಟೋ ದಿನವಾಗಿತ್ತು. ಎಷ್ಟು ದೂರ, ಎಲ್ಲಿ ಕುಡಿದೆ ಎಂದೆಲ್ಲ ಕೇಳಿದರು. ನಾಳೆ ಸೋಮವಾರ, ಹೋಗಿ ಬಂದರೆ ಇನ್ನೂ ಹಗುರಾಗುತ್ತಾರೆ.

ಮೇ 25, ಭಾನುವಾರ

ಆ ಮರುದಿನ, ಸೋಮವಾರ ಬೆಳಿಗ್ಗೆ ಇವರಿಗೆ ಉಸಿರು ತೀರಾ ಕಟ್ಟಿ, ಪಕ್ಕದ ಮನೆಯ ರಮೇಶ್‌ಬಾಬು ಅವರ ಕಾರಿನಲ್ಲಿ ಕರೆದುಕೊಂಡು ಹೊರಟೆವು. ಮಂಚೇನಹಳ್ಳಿ ದಾಟಿದ ಮೇಲೆ ನನ್ನ ಭುಜಕ್ಕೆ ಒರಗಿದರು. ನಿದ್ದೆ ಬಂತೇನೋ ಎಂದುಕೊಂಡು ಅಲುಗಾಡದೆ ಕೂತಿದ್ದೆ. ಆಸ್ಪತ್ರೆಯ ಬಾಗಿಲಿಗೆ ಓಡಿ ಬಂದ ಸಾಬ್ರೀನ್ ಹೇಳುವವರೆಗೂ ಹಾಗೇ ಕೂತಿದ್ದೆ.

ತಿಥಿ ಮುಗಿಯಿತು. ನೆಂಟರು ಹೋದರು.

ಇವತ್ತು ಮಧ್ಯಾಹ್ನ ಅತ್ತೆ ಬಂದು ನನ್ನೆದುರು ನೆಲದ ಮೇಲೆ ಕೂತರು. "ವಿದ್ಯಮ್ಮ, ಒಂದ್ ಮಾತು. ಹೇಳ್ದಿದ್ರೆ ನಂಗೆ ಅನ್ನ ಇಳಿಯಲ್ಲ. ಆವತ್ತು ಭಾನುವಾರ ನೀನು ಓಡಕ್ ಹೋದಾಗ, ಮಗು ನನ್ನ ಕರೆದು ಮಜ್ಜಿಗೆ ಕೇಳ್ದ. ನಾನ್ ಕೊಟ್ಟೆ. ಒಂದ್ ಚೊಂಬು ತುಂಬಾ ಕೊಟ್ಟೆ. ಕುಡಿದ."

ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದಕ್ಕೇ ನನ್ನನ್ನು ಕಳಿಸಿದ್ದು. ಬೇಗ ಬರಬೇಕಾಗಿಲ್ಲ ಎಂದದ್ದೂ ಅದಕ್ಕೇ.

ಜೂನ್ 4, ಬುಧವಾರ

ಉಳಿದ ಔಷಧಗಳನ್ನು ಬೇರೆ ಯಾರಿಗಾದರೂ ಉಪಯೋಗವಾಗಲೆಂದು ಚಿಕ್ಕಬಳ್ಳಾಪುರಕ್ಕೆ ಒಯ್ದು ಕೊಟ್ಟೆ. ಇವರು ಮಲಗುತ್ತಿದ್ದ ಮಂಚದಲ್ಲಿ ಬೇರೊಬ್ಬರಿದ್ದರು. ಸಾಬ್ರೀನ್ ಹೊರಗೆ ಬಂದಳು. ಕೇಳಿಯೇಬಿಟ್ಟೆ.

"ಒಂದು ಚೊಂಬು ಮಜ್ಜಿಗೆ. ಅದರಿಂದ್ಲೇನಾ?"

ಅವಳೆಂದಳು, "ಮಿಸ್, ನಿಮ್ಹತ್ರ ಸುಳ್ ಹೇಳಲ್ಲ. ಅದರಿಂದ್ಲೇ ಅಂತ್ಲೂ ಹೇಳಕ್ಕಾಗಲ್ಲ, ಅಲ್ಲವೇ ಅಲ್ಲ ಅಂತ್ಲೂ ಹೇಳಕ್ಕಾಗಲ್ಲ. ಸರ್ ಹಾರ್ಟ್ ಹಂಗಿತ್ತು. ಮಜ್ಜಿಗೆ ಕುಡೀದೇ ಇದ್ದಿದ್ರೂ ಆ ಸೋಮವಾರ ಅಲ್ದಿದ್ರೆ ಇನ್ನೊಂದ್ ಸೋಮವಾರ." ಆಮೇಲೆ ಮೆಲ್ಲಗೆ, "ಸರ್‌ಗೂ ಗೊತ್ತಿತ್ತು ಮಿಸ್. ಸ್ಕ್ಯಾನ್ ರಿಪೋರ್ಟು ನನ್ನಿಂದ ಓದಿಸ್ಕೊಂಡಿದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಮನೆಗೆ ಬಂದೆ. ಅತ್ತೆಯ ಜೊತೆ ಮಾತಾಡಲಿಲ್ಲ.

ಜೂನ್ 15, ಭಾನುವಾರ

ಮುಂಗಾರು ಎರಡು ಸಲ ಹನಿಸಿ ಹೋಯಿತು. ಮತ್ತೆ ಓಡಲು ಶುರು ಮಾಡಿದ್ದೇನೆ. ಸೊಂಟಕ್ಕೆ ಬಾಟಲಿ ಕಟ್ಟಿಕೊಂಡು ಒಬ್ಬಳೇ.

ಇವತ್ತು ಹೊರಡುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಬೆಲ್ಲ ಕುಟ್ಟಿಟ್ಟಿತ್ತು. ಪಕ್ಕದಲ್ಲಿ ಹಿಂಡಿಟ್ಟ ನಿಂಬೆರಸ. ಅತ್ತೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು, ಈ ಕಡೆ ತಿರುಗಲಿಲ್ಲ. ಬೆರೆಸಿಕೊಂಡು ಹೋದೆ. ಹುಳಿ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.

ಜೂನ್ 29, ಭಾನುವಾರ

ಓಟ ಮುಗಿಸಿದೆ.

ತಪ್ಪಲಲ್ಲಿ ಮಂಜಿತ್ತು. ಆಮೇಲೆ ಬಿಸಿಲು. ದಾರಿಯುದ್ದಕ್ಕೂ ಮೇಜು ಹಾಕಿ ನೀರು, ಗ್ಲೂಕೋಸು ಕೊಡುತ್ತಿದ್ದರು. ಯಾರ್ಯಾರೋ ಅಪರಿಚಿತರು ಕೈ ಚಾಚಿ ಕೊಟ್ಟರು. ಪ್ರತಿ ಮೇಜಿನಲ್ಲೂ ನಿಂತು ಕುಡಿದೆ. ಒಂದು ಕಡೆ, ಕೊನೆಯ ಏರಿನಲ್ಲಿ, ಲೋಟ ಕೊಟ್ಟವರು "ನಿಧಾನ ಮೇಡಂ, ಗುಟುಕು ಗುಟುಕು," ಎಂದರು. ಅಲ್ಲೇ ರಸ್ತೆ ಪಕ್ಕ ಕೂತುಬಿಟ್ಟೆ. ಕಾಲು ನೋವೆಂದುಕೊಂಡು ಸ್ಪ್ರೇ ತಂದರು. ಹೊಡೆಸಿಕೊಂಡೆ. ಆಮೇಲೆ ಎದ್ದು ಮುಗಿಸಿದೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ತಿಂಗಳ ಮೇಲೆ ಮೊದಲ ಸಲ ಕೇಳಿದರು.

"ಎಷ್ಟನೇದು ಬಂದೆ?"

"ಎಲ್ರಿಗಿಂತ ಹಿಂದೆ."

"ಮುಗಿಸಿದ್ಯಲ್ಲ."

ಪಕ್ಕದಲ್ಲಿ ಕೂತು ಬೂಟು ಬಿಚ್ಚಿದೆ. ಅವರು ಸೊರಗಿ ಹೋಗಿದ್ದಾರೆ. ಇಷ್ಟು ದಿನ ನೋಡಿಯೇ ಇರಲಿಲ್ಲ. ಒಂದೇ ಮನೆಯಲ್ಲಿದ್ದೆವು.

"ಅತ್ತೆ, ಆವತ್ತಿನ ಮಜ್ಜಿಗೆ."

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು.

"ಉಪ್ಪು ಹಾಕಿದ್ರಾ?"

"ಹಾಕಿದ್ದೆ," ಎಂದರು, ಏಟಿಗೆ ಕಾದವರ ಹಾಗೆ.

"ಸರಿಯಾಗಿ ಹಾಕಿದ್ರಾ? ಇಲ್ಲಾ, ನಾನ್ ಹಾಕ್ತಿದ್ದಂಗೆ ಸಪ್ಪೆಸಪ್ಪೆ?"

"ಸರಿಯಾಗೇ ಹಾಕಿದ್ದೆ ತಾಯಿ. ಉಪ್ಪು, ಇಂಗು, ಕೊತ್ತಂಬ್ರಿ, ಶುಂಠಿ ಜಜ್ಜಿ. ಒಗ್ಗರಣೇನೂ ಕೊಟ್ಟಿದ್ದೆ. ಎರಡು ಕೈಲಿ ಚೊಂಬು ಹಿಡ್ಕೊಂಡು, ಕಣ್ ಮುಚ್ಕೊಂಡು, ಒಂದ್ ತೊಟ್ಟೂ ಬಿಡದಂಗೆ ಕುಡಿದ ನನ್ ಮಗ, ನಮ್ ನಾಯ್ನ."

"ಒಳ್ಳೇದಾಯ್ತು ಅತ್ತೆ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿ, ನನ್ನ ಊದಿದ ಪಾದಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.